ಮುಂದಕ್ಕೆ ತಿರುಗಿಸಿದ ಮುಳ್ಳು

ಸದಾಶಿವನಗರ, ತುಮಕೂರು
೩-೮-೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಪ್ರೇಮಾ,

‘ಪ್ರೀತಿಯ’ ಎಂದು ಬರೆದು, ಅದನ್ನು ಹೊಡೆದು ಹಾಕಿ, ಆ ಹಾಳೆಯನ್ನೇ ಹರಿದು, ಹೊಸ ಹಾಳೆಯಲ್ಲಿ ಮತ್ತೆ ಅದನ್ನೇ ಬರೆದಿದ್ದೇನೆ. ಮೂವತ್ತೊಂದು ವರ್ಷದ ಅಭ್ಯಾಸ, ಬೇರೆ ಪದ ಕೈಗೆ ಬರಲಿಲ್ಲ. ಮೊದಲು ನಿಮ್ಮೆಲ್ಲರ ಆರೋಗ್ಯ ಕೇಳಬೇಕು. ಹರ್ಷಿತಾಳ ಬೆನ್ನುನೋವು ಕಡಿಮೆಯಾಯಿತೆ? ಮಗುವಿನ ಕಾಮಾಲೆ ಪೂರ್ತಿ ಇಳಿಯಿತೆಂದು ಅಳಿಯಂದಿರು ಮೆಸೇಜ್ ಹಾಕಿದ್ದರು, ಸಮಾಧಾನವಾಯಿತು. ಗುಬ್ಬಿಯ ಆ ಮಹಡಿ ಮನೆಯ ಮೆಟ್ಟಿಲನ್ನು ನೀನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀಯೋ, ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನನ್ನ ಬಿಪಿ ಮಾತ್ರೆ ತಪ್ಪಿಲ್ಲ. ಮುದ್ದೆ ಮಾತ್ರ ಇನ್ನೂ ಗಂಟು ಗಂಟಾಗಿಯೇ ಬರುತ್ತಿದೆ, ನುಂಗುತ್ತಿದ್ದೇನೆ. ಬಾಣಂತಿಯ ಮುಂದೆ ಈ ಕಾಗದ ಓದಬೇಡ. ಅವಳು ಕೇಳಿದರೆ ಅಪ್ಪ ಸೀರೆಗಳ ಪಟ್ಟಿ ಬರೆದು ಕಳಿಸಿದ್ದಾರೆ ಎನ್ನು. ಇಲ್ಲದ್ದನ್ನು ಇದೆ ಎಂದು ನಂಬಿಸುವುದು ನಿನಗೆ ಕಷ್ಟವಾಗಲಾರದು.

ನಾಲ್ಕು ದಿನದಿಂದ ನಾನು ನಿನ್ನ ಫೋನ್ ತೆಗೆಯದಿರುವುದಕ್ಕೆ ನೆಟ್‌ವರ್ಕ್ ಕಾರಣವಲ್ಲ. ನೀನು ಆ ಕಡೆಯಿಂದ ‘ಏನ್ರೀ, ಊಟ ಆಯ್ತಾ’ ಎಂದರೆ ನನ್ನ ಕೋಪ ಅಲ್ಲಿಗೇ ಇಳಿದುಹೋಗುತ್ತದೆ. ಈ ಸಲ ಅದು ಅಷ್ಟು ಸುಲಭವಾಗಿ ಇಳಿಯಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಹರ್ಷಿತಾ ಹುಟ್ಟಿದಾಗ ನೀನು ಕೊತ್ತಗೆರೆಯ ತವರಿನಲ್ಲಿದ್ದಾಗ ನಾನು ಒಂದು ಕಾಗದ ಬರೆದಿದ್ದೆ, ಅದಾದ ಮೇಲೆ ಇದೇ ಎರಡನೆಯದು. ಮಗುವಿನ ಬಟ್ಟೆಗೆಂದು ನೀನು ಕೇಳಿದ ಹಳೆಯ ಕಾಟನ್ ಸೀರೆಗಳನ್ನು ಗಂಟು ಕಟ್ಟಿಟ್ಟಿದ್ದೇನೆ. ಸಂಜೆ ಐದಕ್ಕೆ ಅಳಿಯ ಸಂತೋಷ್ ಬಂದು ಒಯ್ಯುತ್ತಾರಂತೆ, ಕಾಗದವೂ ಅದರೊಳಗೇ ಬರುತ್ತದೆ.

ವಿಷಯ ಗಡಿಯಾರದ್ದು. ಇಷ್ಟು ಹೊತ್ತಿಗೆ ನಿನಗೆ ತಿಳಿದೇ ಇರುತ್ತದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಈ ಒಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಎರಡು ಕಥೆ ನಡೆದಿವೆ, ಒಂದು ನಿನಗೆ ಗೊತ್ತಿದ್ದದ್ದು, ಒಂದು ನನಗೆ ಗೊತ್ತಿದ್ದದ್ದು. ನನಗೆ ಗೊತ್ತಿದ್ದದ್ದು ಹೇಗಿತ್ತು ಎಂದು ನೀನು ಒಮ್ಮೆ ಓದಬೇಕು.

ಹೋದ ವರ್ಷ ಮೇ ತಿಂಗಳಲ್ಲಿ ಐಟಿಐನಿಂದ ನಿವೃತ್ತನಾಗಿ ಬಂದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎರಡನೇ ವಾರಕ್ಕೇ ನಾನು ನಿನ್ನ ಅಡುಗೆಮನೆಗೆ ಬಂದು ಡಬ್ಬಗಳಿಗೆ ನಂಬರ್ ಹಚ್ಚಲು ಶುರು ಮಾಡಿದೆ. ಆಗ ನೀನೇ ಅಲ್ಲವೆ ನನ್ನನ್ನು ಹಿತ್ತಲಿಗೆ ಅಟ್ಟಿದ್ದು? ‘ಮೂವತ್ತು ವರ್ಷ ಹುಡುಗರ ಕೈಲಿ ಮರ ಕುಯ್ಯಿಸಿದ್ದೀರ, ನೀವೇ ಒಂದೇನಾದ್ರೂ ಮಾಡಿ’ ಎಂದೆ. ಮೊಳೆಯಿಲ್ಲದೆ, ಸೆಲ್ ಇಲ್ಲದೆ, ಪೂರಾ ಮರದಲ್ಲಿ ಒಂದು ಗಡಿಯಾರ ಮಾಡಬೇಕೆಂಬುದು ನನಗೆ ಕೆಲಸಕ್ಕೆ ಸೇರಿದ ಕಾಲದಿಂದ ಇದ್ದ ಆಸೆ. ಎರಡು ತಿಂಗಳು ಬರೀ ಲೆಕ್ಕ, ಬರೀ ಚಿತ್ರ. ಯಾವ ಚಕ್ರಕ್ಕೆ ಎಷ್ಟು ಹಲ್ಲು, ಯಾವುದು ಯಾವುದನ್ನು ತಿರುಗಿಸಬೇಕು ಎಂದು ಹಾಳೆ ಹಾಳೆ ಬರೆದೆ. ಅಚ್ಚುಗಳಿಗೆ ನನ್ನ ಹಳೆಯ ಸೈಕಲ್ಲಿನ ಕಡ್ಡಿಗಳು. ಎಳೆಯುವ ಭಾರಕ್ಕೆ ನಿನ್ನ ಹಿತ್ತಾಳೆ ಚೊಂಬಿನೊಳಗೆ ಮರಳು. ಪೆಂಡುಲಮ್ಮಿನ ಗುಂಡಿಗೆ ಎರಡು ತೆಂಗಿನ ಚಿಪ್ಪು ಸೇರಿಸಿ, ಒಳಗೆ ಸಿಮೆಂಟು ತುಂಬಿ, ಕನ್ನಡಿಯಂತೆ ಉಜ್ಜಿದೆ. ಮರ ಕೊಟ್ಟವನು ಗುಂಡಯ್ಯ.

ಗುಂಡಯ್ಯ ಕೊಟ್ಟ ಮರ ಎಂಥದ್ದು ಎಂದು ನಿನಗೂ ಗೊತ್ತು. ಗೂಳೂರಿನ ಅವನ ತೋಟದಲ್ಲಿ ಅವನ ತಾತ ನೆಟ್ಟ ಹಲಸು ಗಾಳಿಗೆ ಬಿದ್ದಾಗ ಅದನ್ನು ತನ್ನ ಮರದ ಯಾರ್ಡಿನಲ್ಲೇ ಕುಯ್ದು, ಒಳ್ಳೆಯ ಹಲಗೆಗಳನ್ನು ಆರಿಸಿ, ಹೊಸ ಮನೆಯ ಬಾಗಿಲಿಗೆಂದು ಅಟ್ಟದ ಮೇಲೆ ಎಂಟು ವರ್ಷ ಒಣಗಿಸಿದ್ದ. ನಾನು ಗಡಿಯಾರದ ಚಿತ್ರ ತೋರಿಸಿದ ದಿನವೇ ಏಣಿ ಹಾಕಿ ಅದರಲ್ಲಿ ಆರು ಹಲಗೆ ಇಳಿಸಿಕೊಟ್ಟ. ಬಾಗಿಲಿಗೆ ಬೇರೆ ಮರ ಹಾಕಿಸಿಕೊಂಡ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಐಟಿಐಗೆ ಮರ ಕೊಳ್ಳಲು ಹೋದಾಗ ಆದ ಪರಿಚಯ, ಆವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಗಟ್ಟಿ ಮಾತು ಬಂದಿರಲಿಲ್ಲ.

ಸಂಕ್ರಾಂತಿಗೆ ಗಡಿಯಾರ ನಿಂತಿತು. ಗೋಡೆಯ ಮೇಲೆ ನಿಂತಿತು ಎಂದು ಹೇಳುತ್ತಿದ್ದೇನೆ. ಆಮೇಲೆ ಇನ್ನೊಂದು ಅರ್ಥದಲ್ಲೂ ನಿಲ್ಲುತ್ತಲೇ ಇತ್ತು. ಒಂದು ದಿನ ಹತ್ತು ನಿಮಿಷ ಹಿಂದೆ, ಇನ್ನೊಂದು ದಿನ ಹದಿನೆಂಟು. ಫೆಬ್ರವರಿ ಮೊದಲ ವಾರ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅದನ್ನು ಒಡೆದು ಹಂಡೆ ಒಲೆಗೆ ಹಾಕು ಎಂದು ನಿನಗೆ ಹೇಳಿದೆ. ಹೌದು, ಹೇಳಿದೆ. ನನಗೆ ಬೇರೇನೂ ಉಳಿದಿಲ್ಲ ಎಂದೂ ಹೇಳಿದೆ ಅನ್ನಿಸುತ್ತದೆ. ಅದಾದ ಮೂರನೇ ದಿನಕ್ಕೆ ಗಡಿಯಾರ ಸರಿಹೋಯಿತು. ನಾನು ಹಿಂದಿನ ದಿನ ಅಚ್ಚುಗಳಿಗೆ ಮೇಣ ಸವರಿದ್ದೆ, ಅದರಿಂದಲೇ ಎಂದುಕೊಂಡೆ. ಆ ಸಂಜೆ ನೀನು ಪಾಯಸ ಮಾಡಿದೆ.

ಫೆಬ್ರವರಿ ಹತ್ತರಿಂದ ಜುಲೈ ಐದರವರೆಗೆ ನೂರ ನಲವತ್ತಾರು ದಿನ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನಿನ ಸಮಯ ಒಂದು ಕಡೆ, ಗಡಿಯಾರದ ಸಮಯ ಇನ್ನೊಂದು ಕಡೆ ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಒಮ್ಮೆ ಅರ್ಧ ನಿಮಿಷ ಹಿಂದೆ, ಒಮ್ಮೆ ಮುಕ್ಕಾಲು ನಿಮಿಷ ಹಿಂದೆ, ಒಂದು ನಿಮಿಷಕ್ಕಿಂತ ಹೆಚ್ಚು ಎಂದೂ ಇಲ್ಲ. ಮುಳ್ಳಿಗೆ ಕೈ ಹಾಕಬಾರದು ಎಂಬುದು ನಾನು ಹಾಕಿಕೊಂಡ ನಿಯಮ. ಕಾಂತೇಶ್ ಅದನ್ನು ನೋಡಿ ದಂಗಾದ. ಕಾಂತೇಶ್ ನೆನಪಿದ್ದಾನಲ್ಲ, ನನ್ನ ಹಳೆಯ ವಿದ್ಯಾರ್ಥಿ, ಈಗ ನನ್ನ ಜಾಗದಲ್ಲಿ ಪಾಠ ಮಾಡುವವನು. ಪ್ರಿನ್ಸಿಪಾಲರಿಗೆ ಹೇಳಿ, ಆಗಸ್ಟ್ ಹದಿನೈದಕ್ಕೆ ಗಡಿಯಾರವನ್ನು ವರ್ಕ್‌ಶಾಪಿನ ಬಾಗಿಲಲ್ಲಿ ತೂಗುಹಾಕುವುದೆಂದು ನಿಶ್ಚಯ ಮಾಡಿಸಿದ. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಗಾಜಿನೊಳಗೆ ನನ್ನ ಆ ಪುಸ್ತಕ. ನಾನು ನಿನಗೆ ಹೇಳಿದಾಗ ನಿನ್ನ ಮುಖ ಸಪ್ಪಗಾಯಿತು. ಗಡಿಯಾರ ಮನೆಯಿಂದ ಹೋಗುವುದಕ್ಕೆ ಬೇಸರ ಎಂದು ತಿಳಿದು, ನಿನಗೂ ಒಂದು ಮಾಡಿಕೊಡುತ್ತೇನೆ ಎಂದು ಸಮಾಧಾನ ಬೇರೆ ಮಾಡಿದೆ. ನನ್ನ ಬುದ್ಧಿಗಿಷ್ಟು.

ಜುಲೈ ಆರಕ್ಕೆ ನೀನು ಗುಬ್ಬಿಗೆ ಹೊರಟೆ. ಡಾಕ್ಟರು ಹರ್ಷಿತಾಳನ್ನು ಮಂಚ ಬಿಟ್ಟು ಇಳಿಯಬೇಡ ಎಂದಿದ್ದರಿಂದ ಅವಳು ಇಲ್ಲಿಗೆ ಬರುವಂತಿರಲಿಲ್ಲ. ಆಟೋ ಹತ್ತುವ ಮೊದಲು ನೀನು ಮತ್ತೆ ಒಳಗೆ ಬಂದು, ‘ನಾನು ಬರೋವರೆಗೂ ಗಡಿಯಾರ ನಿಲ್ಸಿಬಿಡಿ’ ಎಂದೆ. ನಾನು ನಕ್ಕೆ. ನಿನ್ನ ಆ ಶಾಸ್ತ್ರ ನನಗೆ ಗೊತ್ತಿತ್ತಲ್ಲ. ನಿನ್ನ ಅಕ್ಕನ ಮಗನ ಮದುವೆಗೆ ಇಬ್ಬರೂ ಕೊತ್ತಗೆರೆಗೆ ಹೋಗುವಾಗಲೂ, ಮನೆಯಲ್ಲಿ ಹೆಂಗಸರಿಲ್ಲದಾಗ ಗಡಿಯಾರ ಓಡಬಾರದು, ಮನೆಗೆ ಒಳ್ಳೆಯದಲ್ಲ ಎಂದು ಹೇಳಿ ನೀನು ನನ್ನ ಕೈಯಿಂದಲೇ ಪೆಂಡುಲಮ್ ನಿಲ್ಲಿಸಿದ್ದೆ. ಬಂದ ಮೇಲೆ ದೀಪ ಹಚ್ಚಿ ನಾನೇ ಮತ್ತೆ ಓಡಿಸಿದೆ. ನಿಮ್ಮ ಕೊತ್ತಗೆರೆಯ ಕಡೆ ಹಾಗೊಂದು ನಂಬಿಕೆ ಇರಬಹುದೆಂದು ನಾನು ನಂಬಿದ್ದೆ. ಮರದ ಗಡಿಯಾರ ನಿಮ್ಮ ಊರಿನಲ್ಲಿ ಯಾರ ಮನೆಯಲ್ಲಿತ್ತು ಎಂದು ಒಂದು ಸಲವೂ ಕೇಳಲಿಲ್ಲ.

ನೀನು ಹೋದ ದಿನ ಸಂಜೆಗೇ ಗಡಿಯಾರ ಎಂಟು ನಿಮಿಷ ಹಿಂದೆ ಬಿತ್ತು. ಮಾರನೆಯ ದಿನ ಹತ್ತೊಂಬತ್ತು. ಆಮೇಲೆ ಒಂದೊಂದು ದಿನಕ್ಕೆ ಇನ್ನೂ ಇಪ್ಪತ್ತು, ಹದಿನಾಲ್ಕು, ಇಪ್ಪತ್ತೈದು. ನಾನು ಯೋಚಿಸಿದ್ದನ್ನು ಕೇಳು. ಐದು ತಿಂಗಳು ತಪ್ಪದೆ ಓಡಿದ ಗಡಿಯಾರದಲ್ಲಿ ಲೆಕ್ಕದ ತಪ್ಪು ಇರಲು ಸಾಧ್ಯವಿಲ್ಲ, ಪುಸ್ತಕವೇ ಸಾಕ್ಷಿ. ಹೊಸದಾಗಿ ಬಂದದ್ದು ಮಳೆಗಾಲ ಒಂದೇ. ಮಳೆಗೆ ಮರ ಉಬ್ಬಿದೆ. ಎಂಟು ವರ್ಷ ಒಣಗಿದ ಮರ ಹೀಗೆ ಉಬ್ಬುವುದಿಲ್ಲ. ಹಾಗಾದರೆ ಅದು ಎಂಟು ವರ್ಷ ಒಣಗಿದ ಮರವಲ್ಲ. ನೋಡು, ಒಂದೊಂದು ಹೆಜ್ಜೆಯೂ ಸರಿಯಾಗಿದೆ. ಹುಡುಗರಿಗೆ ಪಾಠ ಮಾಡುವಾಗಲೂ ನಾನು ಇಷ್ಟು ಅಚ್ಚುಕಟ್ಟಾಗಿ ಯೋಚಿಸಿದ್ದಿಲ್ಲ.

ಮೊಮ್ಮಗಳನ್ನು ನೋಡಿ ಬಂದ ನಾಲ್ಕನೇ ದಿನ, ಭಾನುವಾರ, ಒಂದು ಚಕ್ರ ಬಿಚ್ಚಿಕೊಂಡು ಗೂಳೂರಿಗೆ ಹೋದೆ. ಗುಂಡಯ್ಯನ ಯಾರ್ಡಿನಲ್ಲಿ ಇಬ್ಬರು ಗಿರಾಕಿಗಳಿದ್ದರು, ಅವನ ಮಗನೂ ಇದ್ದ. ಅವರೆಲ್ಲರ ಎದುರಿಗೆ ಆ ಚಕ್ರವನ್ನು ಅವನ ಮೇಜಿನ ಮೇಲಿಟ್ಟು, ಮೂವತ್ತು ವರ್ಷದ ಸ್ನೇಹಕ್ಕೆ ಹಸಿ ಮರ ಕೊಟ್ಟೆಯಲ್ಲೋ ಎಂದೆ. ಎಂಟು ವರ್ಷದ್ದೆಂದು ಹೇಳಿ ಅಟ್ಟದಿಂದ ನನಗೆ ಬೇರೇನೋ ಇಳಿಸಿ ದಾಟಿಸಿದೆ ಎಂದೂ ಅಂದೆ. ಅವನು ಮರದ ಹುಡಿ ಮೆತ್ತಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು ಆ ಚಕ್ರವನ್ನು ತೆಗೆದುಕೊಂಡು ಬೆರಳಲ್ಲಿ ಸವರಿದ. ‘ಇರ್ಬೋದು ಕಣಯ್ಯ. ಮರ ಅಲ್ವ, ಒಳ್ಗೇನೈತೆ ಅಂತ ಯಾರ್ ಕಂಡವ್ರೆ’ ಎಂದ. ಅವನ ಮಗ ಏನೋ ಹೇಳಲು ಬಂದ, ಅವನೇ ತಡೆದ. ತಪ್ಪು ಮಾಡಿದವನು ಸಿಕ್ಕಿಬಿದ್ದಾಗ ಹೀಗೇ ಮೆತ್ತಗಾಗುತ್ತಾನೆ ಎಂದುಕೊಂಡು ನಾನು ತಲೆಯೆತ್ತಿಕೊಂಡು ಬಂದೆ.

ಅದೇ ಸಂಜೆ ನಿನಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನೆನಪಿದೆಯೆ? ಮಗು ಅಳುತ್ತಿದೆ ಎಂದು ನೀನು ಫೋನ್ ಇಟ್ಟೆ. ಮಗು ಅಳುತ್ತಿರಲಿಲ್ಲ ಪ್ರೇಮಾ. ನನಗೆ ಕೇಳಿಸುತ್ತಿದ್ದದ್ದು ಹರ್ಷಿತಾ ಅದಕ್ಕೆ ಜೋಗುಳ ಹಾಡುತ್ತಿದ್ದುದು.

ಈಗ ಬುಧವಾರದ ವಿಷಯ. ಬೆಳಿಗ್ಗೆ ನಾನು ಗಡಿಯಾರದ ಮುಂದೆ ಸ್ಟೂಲ್ ಹಾಕಿಕೊಂಡು ಭೂತಗನ್ನಡಿ ಹಿಡಿದು ಕೂತಿದ್ದೆ. ಪಕ್ಕದ ಮನೆ ಸಿದ್ದಲಕ್ಷ್ಮಮ್ಮ ಎಂದಿನಂತೆ ದಾಸವಾಳ ಕೀಳಲು ಬಂದವರು ಬಾಗಿಲಲ್ಲಿ ನಿಂತು ನನ್ನನ್ನು ನೋಡಿ ಅಯ್ಯೋ ಪಾಪ ಎನ್ನುವ ಹಾಗೆ ಮುಖ ಮಾಡಿದರು. ‘ಪ್ರೇಮಕ್ಕಾರು ಬರೋಗಂಟ ನಿಲ್ಸಿಬುಡಿ ಸಾರ್. ದಿನಕ್ಕೆ ಮೂರ್ ಸತಿ ಮುಳ್ಳು ತಿರುಗ್ಸೋರು ಅವ್ರೇ ಇಲ್ಲ ಅಂದ್ಮೇಲೆ ಅದೆಂಗ್ ಓಡ್ತದೆ?’ ಎಂದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಏನು ಮೂರು ಸಲ ಎಂದೆ. ಆಕೆ ಬಹಳ ಸಹಜವಾಗಿ, ನಾನು ವಾಕಿಂಗಿಗೆ ಅಮಾನಿಕೆರೆ ಕಡೆ ಹೋದಾಗ ಒಂದು ಸಲ, ಮಧ್ಯಾಹ್ನ ಮಲಗಿದಾಗ ಒಂದು ಸಲ, ಸಂಜೆ ಹಾಲಿಗೆ ಹೋದಾಗ ಒಂದು ಸಲ ಎಂದು ಬೆರಳು ಮಡಿಸಿ ಹೇಳಿದರು. ಗುಂಡಯ್ಯನೇ ಒಂದು ದಿನ ಬಂದು ಹೇಗೆ ತಿರುಗಿಸಬೇಕು, ಯಾವ ಕಡೆಗೆ ತಿರುಗಿಸಬೇಕು ಎಂದು ನಿನಗೆ ತೋರಿಸಿಕೊಟ್ಟು ಹೋದನಂತೆ. ಆಮೇಲೆ ನನ್ನ ಮುಖ ನೋಡಿ ಆಕೆಗೆ ತಿಳಿಯಿತು. ಹೂವಿನ ಬುಟ್ಟಿಯನ್ನು ಕಾಂಪೌಂಡಿನ ಮೇಲೇ ಬಿಟ್ಟು ಹೊರಟುಹೋದರು. ನಾಲ್ಕು ದಿನವಾಯಿತು, ಬುಟ್ಟಿ ಅಲ್ಲೇ ಇದೆ.

ನೂರ ನಲವತ್ತಾರು ದಿನ, ದಿನಕ್ಕೆ ಮೂರು ಸಲ, ಕೊತ್ತಗೆರೆಗೆ ಹೋದ ಎರಡು ದಿನ ಬಿಟ್ಟು. ನಾನು ಆ ಗುಣಾಕಾರ ಮಾಡಿದೆ, ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ಸಲ ನೀನು ನಾನು ಬರುವ ಸದ್ದು ಕೇಳಿಸಿಕೊಂಡು ಅಡುಗೆಮನೆಗೆ ಓಡಿಹೋಗಿ ಸೌಟು ಹಿಡಿದು ನಿಂತಿದ್ದೀಯ. ಅಷ್ಟು ಸಲ ನಾನು ಒಳಗೆ ಬಂದು ಗಡಿಯಾರದ ಕಡೆ ನೋಡಿ ಹೆಮ್ಮೆ ಪಟ್ಟಿದ್ದೇನೆ, ನೀನು ಅದನ್ನು ನಿಂತು ನೋಡಿದ್ದೀಯ. ಇದು ನನಗೆ ತಡೆಯಲಾಗುತ್ತಿಲ್ಲ. ಅದಕ್ಕಿಂತ ಹೆಚ್ಚು ಸುಡುವುದು ಆ ಅರ್ಧ ನಿಮಿಷ. ನಮ್ಮ ಅಡುಗೆಮನೆ ಗಡಿಯಾರ ನನ್ನ ಡ್ಯೂಟಿ ಕಾಲದಿಂದ ಹತ್ತು ನಿಮಿಷ ಮುಂದಿದೆ, ನೀನು ಅದರಲ್ಲಿ ಹತ್ತು ಕಳೆದೇ ಮುಳ್ಳು ಇಟ್ಟಿರುತ್ತೀಯ, ಅದು ತಿಳಿಯಿತು. ಆದರೆ ಸರಿಯಾಗಿ ಇಡಲು ಬರುತ್ತಿದ್ದವಳು ಪ್ರತಿ ಸಲವೂ ಅರ್ಧ ಮುಕ್ಕಾಲು ನಿಮಿಷ ಹಿಂದೆಯೇ ಯಾಕೆ ಬಿಡುತ್ತಿದ್ದೆ? ನನಗೆ ಅನುಮಾನ ಬರಬಾರದೆಂದಲ್ಲವೆ? ಒಂಬತ್ತಕ್ಕೆ ಪೆನ್ನು ಹಿಡಿದು ಬಂದಾಗ ನನಗೂ ಬರೆಯಲು ಏನಾದರೂ ಇರಲಿ ಎಂದು ಉಳಿಸಿಡುತ್ತಿದ್ದೆ. ಮಗುವಿನ ಕೈಗೆ ಖಾಲಿ ಸೌಟು ಕೊಟ್ಟು ಕೂರಿಸುತ್ತಾರಲ್ಲ, ಹಾಗೆ.

ನನ್ನ ತಪ್ಪನ್ನೂ ಹೇಳುತ್ತೇನೆ. ಐಟಿಐನಲ್ಲಿ ಹುಡುಗರು ಅಳತೆ ತೆಗೆಯದೆಯೇ ರೆಕಾರ್ಡ್ ಬರೆದು ತಂದರೆ ನಾನು ಒಂದೇ ನೋಟಕ್ಕೆ ಹಿಡಿಯುತ್ತಿದ್ದೆ. ನಿಜವಾದ ಅಳತೆ ಇಷ್ಟು ಚೆಂದವಾಗಿ ಇರುವುದಿಲ್ಲ ಕಣ್ರೋ, ಒಂದು ಮೇಲೆ ಹೋಗುತ್ತೆ ಒಂದು ಕೆಳಗೆ ಬರುತ್ತೆ ಎಂದು ಕೆಂಪು ಪೆನ್ನಿನಲ್ಲಿ ಮೂಲೆಯಿಂದ ಮೂಲೆಗೆ ಗೀಟು ಎಳೆಯುತ್ತಿದ್ದೆ. ಕಾಂತೇಶನ ಕೈಲೇ ಎರಡು ಸಲ ಇಡೀ ರೆಕಾರ್ಡ್ ಮತ್ತೆ ಬರೆಸಿದ್ದೇನೆ. ನನ್ನ ಪುಸ್ತಕದಲ್ಲಿ ನೂರ ನಲವತ್ತಾರು ದಿನ ಗಡಿಯಾರ ಒಂದು ದಿನವೂ ಮುಂದೆ ಹೋಗಿಲ್ಲ, ಬರೀ ಹಿಂದೆ, ಅದೂ ಕೂದಲೆಳೆಯಷ್ಟು. ಅದು ನನ್ನ ಕಣ್ಣಿಗೆ ಕಾಣಲಿಲ್ಲ. ಬುಧವಾರ ಮಧ್ಯಾಹ್ನ ಕೆಂಪು ಪೆನ್ನು ಹುಡುಕಿ ಪ್ರತಿ ಪುಟಕ್ಕೂ ಗೀಟು ಎಳೆದೆ. ಕೊನೆಯ ಪುಟಗಳಲ್ಲಿ ಇಂಕು ಮುಗಿಯಿತು.

ಈಗ ಎಲ್ಲಕ್ಕಿಂತ ದೊಡ್ಡದು. ಶುಕ್ರವಾರ ಗಡಿಯಾರವನ್ನು ಪೂರ್ತಿ ಬಿಚ್ಚಿ, ಚಕ್ರಗಳನ್ನು ಒಂದೊಂದೇ ಅಳೆದೆ. ಅರವತ್ತು ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ದಪ್ಪ ಇದೆ. ಕೈವಾರ ಹಿಡಿದು ಒಂದರ ಪಕ್ಕ ಒಂದು ಗುರುತು ಹಾಕುತ್ತಾ ಹೋದೆ, ಪ್ರತಿ ಸಲ ಆದ ಚೂರು ಚೂರು ತಪ್ಪೆಲ್ಲ ಸೇರಿ ಕೊನೆಯ ಹಲ್ಲಿನ ತಲೆಯ ಮೇಲೆ ಕೂತಿದೆ. ಹಾಗೆ ಗುರುತು ಹಾಕಬೇಡಿ, ಚಕ್ರವನ್ನು ಮೊದಲು ಎರಡು ಭಾಗ ಮಾಡಿ, ಆಮೇಲೆ ನಾಲ್ಕು ಮಾಡಿ ಎಂದು ಮೂವತ್ತು ವರ್ಷ ಮೊದಲನೇ ವಾರದ ಪಾಠದಲ್ಲೇ ಹೇಳಿದವನು ನಾನು, ಅವಸರಕ್ಕೆ ಹುಡುಗರ ಹಾಗೆ ಮಾಡಿದ್ದೇನೆ. ಆ ದಪ್ಪ ಹಲ್ಲು ಸರದಿಗೆ ಬಂದಾಗಲೆಲ್ಲ ಪೆಂಡುಲಮ್ ಆಡುತ್ತಲೇ ಇರುತ್ತದೆ, ಮುಳ್ಳು ಮಾತ್ರ ಕೆಲವು ಸೆಕೆಂಡ್ ಕದಲುವುದಿಲ್ಲ. ಅಷ್ಟೇ ಕಾಯಿಲೆ. ಮರದ ತಪ್ಪು ಎಳ್ಳಷ್ಟೂ ಇಲ್ಲ. ನೀನು ಮುಳ್ಳು ತಿರುಗಿಸದೇ ಇದ್ದಿದ್ದರೆ ಫೆಬ್ರವರಿಯಲ್ಲೇ, ಬೈದುಕೊಂಡೋ ಉಪವಾಸ ಮಾಡಿಕೊಂಡೋ, ನಾನೇ ಇದನ್ನು ಹಿಡಿಯುತ್ತಿದ್ದೆ. ಒಂದು ಚಕ್ರ ಹೊಸದು ಮಾಡಿದ್ದರೆ ಗಡಿಯಾರ ನಿಜವಾಗಿ ಓಡುತ್ತಿತ್ತು. ನನ್ನ ಕೈಯಿಂದ ಆಗಬಹುದಾಗಿದ್ದ ಒಂದು ಕೆಲಸವನ್ನು ನೀನು ಆಗಿದೆ ಎಂದು ತೋರಿಸಿ ಆಗದ ಹಾಗೆ ಮಾಡಿದೆ. ನನ್ನ ಕೈಲಾಗುವುದಿಲ್ಲ ಎಂದು ನೀನು ಫೆಬ್ರವರಿ ಹತ್ತನೇ ತಾರೀಖೇ ತೀರ್ಮಾನ ಮಾಡಿಬಿಟ್ಟೆಯಲ್ಲ, ಅದೇ ನನಗೆ ಆದ ಮೋಸ. ಬೇರೆಯವರು ಹಾಗೆ ತಿಳಿದರೆ ನನಗೆ ಏನೂ ಅನ್ನಿಸುವುದಿಲ್ಲ.

ಬಂಧುಗಳೆಲ್ಲ ಸೇರಿದ್ದ ಹೆಣ್ಣು ನೋಡುವ ದಿನ ನಿಮ್ಮಮ್ಮ ಕಜ್ಜಾಯ ತಂದಿಟ್ಟು ಪ್ರೇಮಾನೇ ಮಾಡಿದ್ದು ಎಂದಿದ್ದರು. ಮದುವೆಯಾದ ತಿಂಗಳಿಗೆ ನಿನ್ನ ಕಜ್ಜಾಯ ಎಣ್ಣೆಯಲ್ಲಿ ಪುಡಿಪುಡಿಯಾದಾಗ ನೀನೇ ನಗುತ್ತಾ, ಅದು ಅಕ್ಕ ಮಾಡಿದ್ದು ಎಂದು ಒಪ್ಪಿಕೊಂಡೆ. ಆವತ್ತು ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುತ್ತಿಲ್ಲ. ನೀನು ಒಪ್ಪಿಕೊಳ್ಳುವುದಕ್ಕೆ ಈ ಸಲವೂ ಒಂದು ತಿಂಗಳು ಸಾಕಿತ್ತು. ಐದು ತಿಂಗಳು ಸಿಕ್ಕಿತ್ತು. ಕೊನೆಗೆ ಗುಂಡಯ್ಯನಿಗೆ ಹಾಗೆ ಅಂದೆ ಎಂದು ನಾನು ಹೇಳಿದ ಸಂಜೆಯಾದರೂ ಬಾಯಿ ಬಿಡಬಹುದಾಗಿತ್ತು. ನಿನ್ನ ಗುಟ್ಟು ಉಳಿಯಲೆಂದು ಆ ಮನುಷ್ಯ ಗಿರಾಕಿಗಳ ಎದುರು, ಮಗನ ಎದುರು, ಮಾಡದ ತಪ್ಪನ್ನು ಹೊತ್ತುಕೊಂಡ. ಬುಧವಾರದಿಂದ ಅವನಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ, ತೆಗೆದಿಲ್ಲ. ನಾನು ನಿನ್ನದು ತೆಗೆಯುತ್ತಿಲ್ಲ, ಅವನು ನನ್ನದು ತೆಗೆಯುತ್ತಿಲ್ಲ. ಗುರುವಾರ ಗೂಳೂರಿಗೆ ಹೋದೆ, ಯಾರ್ಡಿನ ಗೇಟಿನ ತನಕ ಹೋಗಿ, ಒಳಗಿನ ಗರಗಸದ ಸದ್ದು ಕೇಳಿಸಿಕೊಂಡು ಮುಖ ತೋರಿಸಲಾರದೆ ವಾಪಸ್ ಬಂದೆ. ನನ್ನ ಮಾತನ್ನು ಹಿಂದಕ್ಕೆ ಪಡೆಯುವುದು ಹೇಗೆಂದು ನೀನೇ ಹೇಳು.

ನಿನ್ನೆ ಕಾಂತೇಶನಿಗೆ ಫೋನ್ ಮಾಡಿ ನಿಜ ಹೇಳಿದೆ. ಪುಸ್ತಕ ಸುಳ್ಳು, ಗಡಿಯಾರ ಓಡುವುದಿಲ್ಲ, ಕಾರ್ಯಕ್ರಮ ಬೇಡ ಎಂದೆ. ಅವನು ‘ಪರ್ವಾಗಿಲ್ಲ ಸಾರ್, ಹೆಂಗೂ ಶೋಗೆ ತಾನೆ. ಹತ್ತು ಹತ್ತಕ್ಕೆ ನಿಲ್ಸಿ ಹಾಕಿದ್ರಾಯ್ತು, ಯಾರಿಗೂ ಗೊತ್ತಾಗಲ್ಲ’ ಎಂದ. ಪ್ರೀತಿಯಿಂದಲೇ ಹೇಳಿದ. ನನ್ನ ಸುತ್ತ ಎಲ್ಲರೂ ಇಷ್ಟೊಂದು ಒಳ್ಳೆಯವರಾಗಿದ್ದೀರಿ ಪ್ರೇಮಾ, ನಿಜ ಹೇಳುವವರು ಹೂ ಕೀಳಲು ಬಂದ ಸಿದ್ದಲಕ್ಷ್ಮಮ್ಮ ಒಬ್ಬರೇ. ಬೇಡ ಎಂದು ಫೋನ್ ಇಟ್ಟೆ. ಹೆಸರಿನ ಹಲಗೆ ಆಗಲೇ ಬರೆಸಿಬಿಟ್ಟಿದ್ದನಂತೆ, ಅದನ್ನೇನು ಮಾಡುತ್ತಾನೋ ತಿಳಿಯದು.

ಬಿಚ್ಚಿದ್ದ ಗಡಿಯಾರವನ್ನು ನಿನ್ನೆ ಸಂಜೆ ಹಾಗೆಯೇ ಮತ್ತೆ ಜೋಡಿಸಿ ಓಡಿಸಿದ್ದೇನೆ, ಅದೇ ದಪ್ಪ ಹಲ್ಲಿನ ಸಮೇತ. ಹೊಸ ಚಕ್ರ ಮಾಡಲು ನನಗೆ ಕೈ ಬರುತ್ತಿಲ್ಲ. ಹಿಂದೆ ಬೀಳುವುದಾದರೆ ಬೀಳಲಿ, ಅದರ ನಿಜವಾದ ನಡಿಗೆ ಏನೆಂದು ನಾನೊಮ್ಮೆ ನೋಡಬೇಕಿತ್ತು. ಹೊಸ ಪುಸ್ತಕದಲ್ಲಿ ಇವತ್ತು ಬೆಳಿಗ್ಗೆ ಮೊದಲನೇ ಸಾಲು ಬರೆದೆ. ಹದಿನಾಲ್ಕು ನಿಮಿಷ ಹಿಂದೆ. ಮುಳ್ಳಿಗೆ ನಾನೂ ಕೈ ಹಾಕುವುದಿಲ್ಲ, ಇನ್ನು ಯಾರೂ ಹಾಕುವಂತಿಲ್ಲ. ನೀನು ಬಾಣಂತನ ಮುಗಿಸಿಯೇ ಬಾ, ನನ್ನ ಸಲುವಾಗಿ ಒಂದು ದಿನವೂ ಮುಂಚೆ ಬರಬೇಡ.

ಮಗುವಿಗೆ ಅದರ ಬೆರಳುಗಳ ಮೇಲೆ ಒಂದೊಂದು ಮುತ್ತು. ಹರ್ಷಿತಾಳಿಗೆ ಹೊತ್ತು ಹೊತ್ತಿಗೆ ಊಟ ಮಾಡಲು ಹೇಳು, ಅವಳಿಗೆ ಅಪ್ಪನ ಆಶೀರ್ವಾದ ಯಾವಾಗಲೂ ಇದೆ. ಬೀಗರಿಗೆ ನಮಸ್ಕಾರ. ನಿನಗೆ ಏನು ಬರೆಯಬೇಕೋ ನನಗೆ ತಿಳಿಯಲಿಲ್ಲ, ಜಾಗ ಬಿಟ್ಟಿದ್ದೇನೆ.

ಅನಂತರಾಜು

ಮತ್ತೆ: ಗಂಟು ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಮನ್ನಿಸು. ನಾಲ್ಕೂವರೆಗೆ ಗೇಟಿನ ಹತ್ತಿರ ಗುಂಡಯ್ಯನ ಮೊಪೆಡ್ ಸದ್ದಾಯಿತು. ನೀನೇ ಫೋನ್ ಮಾಡಿ, ನಾನು ಫೋನ್ ತೆಗೆಯುತ್ತಿಲ್ಲ, ಹೋಗಿ ನೋಡಿಕೊಂಡು ಬಾ ಎಂದೆಯಂತೆ. ಅವನು ಮೆಟ್ಟಿಲು ಹತ್ತುವುದು ಕಿಟಕಿಯಲ್ಲಿ ಕಾಣಿಸಿತು, ಕಂಕುಳಲ್ಲಿ ಒಂದು ಹಲಗೆ ಇತ್ತು. ಗಡಿಯಾರ ಇಪ್ಪತ್ತು ನಿಮಿಷ ಹಿಂದಿತ್ತು. ಎಂಟು ವರ್ಷ ಅಟ್ಟದಲ್ಲಿಟ್ಟ ಮರದ ಗಡಿಯಾರ ಹಿಂದೆ ಬಿದ್ದಿರುವುದನ್ನು ಅವನು ನೋಡಬಾರದು ಎಂದಷ್ಟೇ ನನಗೆ ಅನ್ನಿಸಿದ್ದು. ಬಾಗಿಲು ತೆಗೆಯುವ ಮೊದಲು ಓಡಿಹೋಗಿ ಮುಳ್ಳನ್ನು ಇಪ್ಪತ್ತು ನಿಮಿಷ ಮುಂದಕ್ಕೆ ತಳ್ಳಿದೆ. ಬೆರಳು ಮುಳ್ಳಿನಿಂದ ತೆಗೆದ ಮೇಲೆ ನಾನೇನು ಮಾಡಿದೆ ಎಂದು ತಿಳಿಯಿತು. ಅವನು ಒಳಗೆ ಬಂದ. ನಾನು ಆಡಿದ ಮಾತಿಗೆ ತಪ್ಪಾಯಿತು ಎಂದೆ. ‘ಬುಡಯ್ಯ, ಇನ್ನೊಂದ್ ಚಕ್ರಕ್ಕೆ ಮರ ಬೇಕಾಯ್ತದೆ ಅಂತ ತಂದೆ, ಬಾಗ್ಲಿಗೆ ಅಂತ ಇಟ್ಟಿದ್ರಲ್ಲಿ ಒಂದ್ ಮಿಕ್ಕಿತ್ತು’ ಎಂದು ಹಲಗೆಯನ್ನು ಗೋಡೆಗೆ ಒರಗಿಸಿದ. ಗಡಿಯಾರ ನೋಡಿದ, ಜೇಬಿನಿಂದ ಫೋನ್ ತೆಗೆದು ಅದನ್ನೂ ನೋಡಿದ, ಸರಿಯಾಗೇ ಐತೆ ಎಂದ. ಕಾಫಿ ಕುಡಿದ. ಆ ಮಾತು ಮತ್ತೆ ಎತ್ತಲಿಲ್ಲ. ಹೋಗುವಾಗ ಹೊಸ್ತಿಲ ಹೊರಗೆ ಚಪ್ಪಲಿ ಮೆಟ್ಟುತ್ತಾ, ತಲೆ ಎತ್ತದೆ ಕೇಳಿದ: ‘ಮುಂದಕ್ಕೇ ತಾನೆ ತಿರುಗ್ಸಿದ್ದು? ಹಿಂದಕ್ ತಿರುಗ್ಸಿದ್ರೆ ಹಲ್ ಮುರಿತದೆ.’ ಮುಂದಕ್ಕೇ ಎಂದೆ.

ಸಂತೋಷ್ ಹಾರ್ನ್ ಮಾಡುತ್ತಿದ್ದಾರೆ. ಕೋಪ ಇನ್ನೂ ಇದೆ. ನಾಳೆ ಫೋನ್ ಮಾಡು, ತೆಗೆಯುತ್ತೇನೆ.